ಸೋರುವ ವಾಲ್ವ್‌ಗಳು

ಮೇಷ್ಟ್ರಾಗುವ ಮೊದಲು, ಬಿ.ಎಸ್ಸಿ. ಮುಗಿಸಿದ ವರ್ಷ, ನಾನು ನೀರು ಸರಬರಾಜು ಕಚೇರಿಯೊಂದರಲ್ಲಿ ತರಬೇತಿಗೆ ಸೇರಿದ್ದೆ. ನನ್ನನ್ನು ಜಗಳೂರಿಗೆ ಹಾಕಿದ್ದರು. ಅಲ್ಲಿ ಒಂದೊಂದು ಬೀದಿಗೆ ಎರಡು ದಿನಕ್ಕೊಮ್ಮೆ ಸರದಿಯಂತೆ ನೀರು. ವಾಲ್ವ್ ತಿರುಗಿಸಿ ನೀರು ಬಿಡುತ್ತಿದ್ದವರು ಬಸಣ್ಣ ಎಂಬ ಹಿರಿಯರು. ಅವರ ದಿನಚರಿ ಪುಸ್ತಕ ನೋಡಿ ವರದಿ ಬರೆಯುವುದು ನನ್ನ ಕೆಲಸ.

ಪುಸ್ತಕದ ಪ್ರಕಾರ ತಿಂಗಳಿಗೆ ಎರಡು ಸಲವಾದರೂ ಯಾವುದೋ ಒಂದು ವಾಲ್ವ್ ಸೋರಿ, ಸರದಿಯಿಲ್ಲದ ಬೀದಿಗೆ ನೀರು ಹೋಗುತ್ತಿತ್ತು. ಎಲ್ಲ ವಾಲ್ವ್‌ಗಳನ್ನೂ ಬದಲಿಸಿ, ಬೀಗ ಹಾಕಿ, ಕೀಲಿಯನ್ನು ಕಚೇರಿಯಲ್ಲಿ ಇಡಬೇಕೆಂದು ಬರೆದು ಬಸಣ್ಣನವರಿಗೆ ಓದಿ ಹೇಳಿದೆ.

"ವಾಲ್ವ್ ಗಟ್ಟಿ ಅದಾವೆ ಸಾರ್. ನನಗಿಂತ ಗಟ್ಟಿ," ಎಂದರು.

"ಮತ್ತೆ ಇಷ್ಟು ಸಲ ಸೋರಿದ್ದು ಹೆಂಗ್ರೀ?"

"ಸತ್ತೋರ ಮನೆಯೋರಿಗೆ ಸರದಿ ಕಾಯ್ರಿ ಅನ್ನಾಕೆ ಆಗ್ತೈತಾ? ಮಣ್ಣು ಮಾಡಿ ಬಂದೋರು ಸ್ನಾನ ಮಾಡಬೇಕಲ್ಲ, ಬಿಡ್ತೀನಿ. ಹಂಗಂತ ಬರೆದ್ರೆ ನನ್ನ ಕೆಲಸ ಹೋಗ್ತೈತೆ. ಅದಕ್ಕೆ ವಾಲ್ವ್ ಮ್ಯಾಲೆ ಹಾಕ್ತೀನಿ."

ಹಿಂದಿನ ವರ್ಷವಷ್ಟೇ ಅಮ್ಮನನ್ನು ಮಣ್ಣು ಮಾಡಿ ಬಂದ ನಾವು, ನೀರು ಬರುವವರೆಗೆ ಮನೆಯ ಹೊರಗೇ ಸಂಜೆಯ ತನಕ ಕೂತಿದ್ದೆವು. ಬೀಗದ ಮಾತು ಬರೆದಿದ್ದ ಹಾಳೆಯನ್ನು ಹರಿದೆ. ವಾಲ್ವ್‌ಗಳು ಸರಿಯಿವೆ ಎಂದರೆ ಪುಸ್ತಕ ಸುಳ್ಳಾಗುತ್ತದೆ, ಕೆಟ್ಟಿವೆ ಎಂದರೆ ಬೀಗ ಬರುತ್ತದೆ. ಹಾಗಾಗಿ ವರದಿಯಲ್ಲಿ ವಾಲ್ವ್ ಎಂಬ ಮಾತನ್ನೇ ಎತ್ತಲಿಲ್ಲ.

ಎಂಜಿನಿಯರ್ ಸಾಹೇಬರು ಅದರ ಮೇಲೆ, 'ಅಭ್ಯರ್ಥಿಗೆ ಗಮನಿಸುವ ಗುಣ ಸಾಲದು' ಎಂದು ಷರಾ ಬರೆದು ಕಳಿಸಿದರು. ಅದನ್ನೂ ಬಸಣ್ಣನವರಿಗೆ ಓದಿ ಹೇಳಿದೆ.

"ಒಳ್ಳೇದೇ ಬರೆದಾರೆ ಬಿಡ್ರಿ ಸಾರ್," ಎಂದರು.