ಸುಣ್ಣದ ಗುರುತಿನ ಮೇಲೆ ನಿಂತವಳು

ಕಟ್ಟುಕಥೆ ಅನ್ನೋರು ಈಗಲೇ ಎದ್ದು ಹೋಗ್ಬಹುದು, ನನಗೇನೂ ಬೇಜಾರಿಲ್ಲ. ಹೋಳೂರಿನ ಮುನಿರತ್ನ ಸುಳ್ಳು ಹೇಳೋಳಲ್ಲ. ಹೊಟ್ಟೆಕಿಚ್ಚಿನವಳು ಅಂತ ಬೇಕಾದ್ರೆ ಅನ್ನಿ, ಒಪ್ಕೋತೀನಿ.

ಯುದ್ಧ ನಡೀತಿದ್ದ ಕಾಲ. ಮದರಾಸಿಂದ ಒಂದು ಸಿನಿಮಾ ಕಂಪನಿ ಬಂದು ತಾಯಲೂರಿನಾಚೆ ಬಂಡೆಗಳ ನಡುವೆ ಡೇರೆ ಹಾಕಿತ್ತು. ನಾಟಕದಲ್ಲಿ ಸಖಿ ಪಾರ್ಟು ಮಾಡ್ಕೊಂಡಿದ್ದ ನನ್ನನ್ನ 'ನಿಲ್ಲೋ ಕೆಲಸ'ಕ್ಕೆ ತಗೊಂಡ್ರು. ಹೀರೋಯಿನ್ ವನಜಾಕ್ಷಿದೂ ನಂದೂ ಒಂದೇ ಎತ್ತರ. ಅವಳಂಥದ್ದೇ ಸೀರೆ ಉಟ್ಟು, ನೆಲಕ್ಕೆ ಸುಣ್ಣದಲ್ಲಿ ಹಾಕಿದ ಗುರುತಿನ ಮೇಲೆ ನಾನು ನಿಲ್ಬೇಕು. ನನ್ನ ಮೇಲೆ ದೀಪಗಳನ್ನ ಸರಿಮಾಡ್ಕೋತಾರೆ. ಸರಿಯಾಯ್ತಾ, ನಾನು ಆಚೆ. ಆಯಮ್ಮ ಬಂದು ಎರಡು ನಿಮಿಷ ನಿಂತು ಹೋಗೋಳು!

ಬೆಳಗ್ಗೆ ಆರಕ್ಕೆ ಶುರುವಾದ್ರೆ ಮಾರನೇ ದಿನ ಕೋಳಿ ಕೂಗೋವರೆಗೂ ಬಿಡ್ತಿರಲಿಲ್ಲ. ಕಾರ್ಬನ್ ದೀಪದ ಉರಿಗೆ ಕಣ್ಣಲ್ಲಿ ಮರಳು ಹಾಕಿದಂಗಾಗೋದು, ಕಾಲು ಊದ್ಕೊಳ್ಳೋದು. ಸಹಿಸ್ಕೊಂಡೆ... ಯಾಕಂದ್ರೆ ಡೈರೆಕ್ಟರು ಮಾತು ಕೊಟ್ಟಿದ್ರು. ಹೆಂಗಸೊಬ್ಬಳು ಕೈಲಿ ದೀಪ ಹಿಡಿದು ಬೆನ್ನು ಮಾಡಿ ನಿಂತಿರ್ತಾಳೆ, ನಿಧಾನಕ್ಕೆ ತಿರುಗ್ತಾಳೆ. ಮಾತಿಲ್ಲ ಕತೆಯಿಲ್ಲ. ಆ ಒಂದು ಶಾಟ್ ನಂದು. ನನ್ನ ಮುಖ ತೆರೆ ಮೇಲೆ!

ಆ ಶಾಟ್ ತೆಗೆಯೋ ದಿನ ಸಂಜೆ ವನಜಾಕ್ಷಿ, "ಅದನ್ನೂ ನಾನೇ ಮಾಡ್ತೀನಿ ಬಿಡಿ" ಅಂದ್ಲು. ಡೈರೆಕ್ಟರು ತಲೆಯಾಡಿಸಿಬಿಟ್ರು. ಹೊಟ್ಟೆಗೆ ಬೆಂಕಿ ಬಿದ್ದಂಗಾಯ್ತು ನನಗೆ.

ಅವಳ ಆ ಶಾಟ್‌ಗೂ ನಿಂತವಳು ನಾನೇ. ಮೂರು ದಿನದಿಂದ ನಿದ್ದೆಯಿಲ್ಲ. ಸ್ವಲ್ಪ ತೂಕಡಿಸಿದ್ರೆ ಸಾಕು, ಕ್ಯಾಮೆರಾದವರು ತೆಲುಗಲ್ಲಿ "ಕದಲೊದ್ದಮ್ಮಾ!" ಅಂತ ಗದರೋರು. ಅಲ್ಲಾಡಂಗಿಲ್ಲ.

ರಾತ್ರಿ ಎರಡು ಗಂಟೆ ಇರ್ಬೇಕು. ಡೈರೆಕ್ಟರು, "ಹೋಗಿ ಅಮ್ಮಾವ್ರನ್ನ ಎಬ್ಬಿಸ್ಕೊಂಡು ಬಾ. ಫಿಲಂ ಇರೋದು ಒಂದೇ ಸಲಕ್ಕೆ" ಅಂದ್ರು.

ಡೇರೆಯಲ್ಲಿ ಆಯಮ್ಮ ಕಣ್ಣುರಿಗೆ ಆಲೂಗಡ್ಡೆ ಬಿಲ್ಲೆ ಇಟ್ಕೊಂಡು ಗೊರಕೆ ಹೊಡೀತಿದ್ಲು. ಎಬ್ಬಿಸೋಕೆ ಕೈ ಚಾಚಿದೆ... ಹಿಂದಕ್ಕೆ ತಗೊಂಡೆ.

"ಮಲ್ಕೋ ತಾಯಿ, ಚೆನ್ನಾಗಿ ಮಲ್ಕೋ" ಅಂದ್ಕೊಂಡೆ. ಅದೇ ಸೀರೆ, ಅದೇ ಎತ್ತರ. ಬೆನ್ನು ನೋಡಿ ಯಾರಿಗೂ ಗೊತ್ತಾಗಲ್ಲ. ತಿರುಗೋ ಹೊತ್ತಿಗೆ ಫಿಲಂ ಓಡಿಹೋಗಿರುತ್ತೆ. ಆಮೇಲೆ ಹೊಡೀಲಿ, ಬಡೀಲಿ!

ಸೆರಗು ಸರಿಮಾಡ್ಕೊಂಡು ಓಡಿ ಬಂದೆ.

ಗುರುತಿನ ಮೇಲೆ ಆಗಲೇ ಒಬ್ಬಳು ನಿಂತಿದ್ಲು.

ಅದೇ ಸೀರೆ. ಕೈಲಿ ದೀಪ. ಹರಳೆಣ್ಣೆ ಸುಟ್ಟ ವಾಸನೆ ಮೂಗಿಗೆ ಬಡೀತು... ನಮ್ಮ ದೀಪದಲ್ಲಿ ಎಣ್ಣೇನೇ ಇರಲಿಲ್ಲ ಕಣ್ರೀ, ಒಳಗಿದ್ದಿದ್ದು ಬಲ್ಬು!

ಲೈಟ್ ಹಿಡಿದಿದ್ದ ಖಾದರಣ್ಣನ ಕಿವೀಲಿ ಕೇಳಿದೆ, "ಅಣ್ಣಾ... ಅಲ್ಲಿ ಯಾರು?"

"ಶ್! ಅಮ್ಮಾವ್ರು ಕಣಮ್ಮ. ನೀನೇ ತಾನೇ ಕರ್ಕೊಂಡು ಬಂದಿದ್ದು?"

ಅವಳು ನಿಧಾನಕ್ಕೆ ತಿರುಗಿದ್ಲು. ದೀಪ ನನ್ನ ಕಣ್ಣಿಗೇ ಹೊಡೀತಿತ್ತು, ಮುಖ ಕಾಣಲಿಲ್ಲ. "ಕಟ್!" ಅಂದ್ರು. ಡೈರೆಕ್ಟರು ಕಣ್ಣು ಒರೆಸ್ಕೋತಿದ್ರು.

ಡೇರೆಗೆ ಓಡಿದೆ. ವನಜಾಕ್ಷಿ ಮಲಗಿದ್ದಂಗೇ ಮಲಗಿದ್ಲು, ಬಿಲ್ಲೆ ಕೂಡ ಜಾರಿರಲಿಲ್ಲ. ವಾಪಸ್ಸು ಬರೋಷ್ಟರಲ್ಲಿ ದೀಪ ಆರಿಸಿದ್ರು. ಗುರುತಿನ ಮೇಲೆ ಯಾರೂ ಇಲ್ಲ.

ಬೆಳಗ್ಗೆ ಆಯಮ್ಮ ನನ್ನ ಜುಟ್ಟು ಹಿಡಿಯೋದೊಂದೇ ಬಾಕಿ. "ಯಾಕೇ ಎಬ್ಬಿಸ್ಲಿಲ್ಲ?" ಅಂತ ಕೂಗೋಷ್ಟರಲ್ಲಿ ಡೈರೆಕ್ಟರು ಬಂದು ಕೈ ಮುಗಿದ್ರು. "ರಾತ್ರಿ ಏನು ಮಾಡಿದ್ರಿ ಅಮ್ಮಾ! ಮೈ ಜುಮ್ಮಂತು." ಅವಳ ಮುಖ ಬಿಳಿಚಿಕೊಳ್ತು. ನನ್ನ ಕಡೆ ಒಂದ್ಸಲ ನೋಡಿದ್ಲು. ಆಮೇಲೆ ಮೆಲ್ಲಗೆ, "ಎಲ್ಲಾ ನಿಮ್ಮ ಆಶೀರ್ವಾದ" ಅಂದ್ಲು.

ಸಿನಿಮಾ ಕೋಲಾರದ ಟೆಂಟಿಗೆ ಬಂದಾಗ ತಂಗಿ ಜೊತೆ ಹೋದೆ. ಆ ಶಾಟ್ ಬಂತು. ಅವಳು ತಿರುಗಿದ್ಲು... ವನಜಾಕ್ಷಿ ಅಲ್ಲ. ನಾನಂತೂ ಅಲ್ಲವೇ ಅಲ್ಲ. ಅಗಲ ಹಣೆ, ಕೆನ್ನೆ ಮೇಲೆ ಸಿಡುಬಿನ ಕಲೆ, ಎವೆ ಮುಚ್ಚದ ಕಣ್ಣು. ಟೆಂಟೆಲ್ಲಾ ಚಪ್ಪಾಳೆ.

"ಅಕ್ಕಾ, ವನಜಾಕ್ಷಿ ಎಷ್ಟು ಚೆಂದ ಮಾಡವ್ಳೆ!"

"ಅದು ವನಜಾಕ್ಷಿ ಅಲ್ಲ ಕಣೇ..."

"ಇನ್ಯಾರು, ನೀನಾ?" ಅಂತ ನಕ್ಕುಬಿಟ್ಲು ತಂಗಿ.

ನಾಲ್ಕು ಸಲ ಹೋಗಿ ನೋಡಿದೆ. ನಾಲ್ಕು ಸಲವೂ ಅದೇ ಮುಖ, ನನ್ನೊಬ್ಬಳಿಗೆ ಮಾತ್ರ. ಕತ್ತಲಾದ್ಮೇಲೆ ತಾಯಲೂರಿನ ಕಡೆ ಇವತ್ತಿಗೂ ಕಾಲಿಡಲ್ಲ ನಾನು. ಆದ್ರೆ ನಿಜ ಹೇಳ್ಲಾ? ಭಯಕ್ಕಿಂತ ಹೊಟ್ಟೆ ಉರಿಯೋದೇ ಹೆಚ್ಚು. ಸತ್ತವಳೋ, ಇದ್ದವಳೋ... ಅವಳ ಮುಖ ಬಂತು. ನಂದು ಬರಲಿಲ್ಲ.