ಬ್ರೇಕ್ ಹಿಡೀಲಿಲ್ಲ

ಬ್ಯಾಟರಿಗೆ ಬೆಂಕಿ ಹತ್ತಬಹುದಿತ್ತು. ಚಾರ್ಜರ್ ಕರಗಿ ಶೆಡ್ಡಿನ ಗೋಡೆ ಕಪ್ಪಾಗಬಹುದಿತ್ತು. ಮಳೆನೀರು ಮೋಟಾರಿನೊಳಗೆ ಹೋಗಿ, ಮೇಲ್ಸೇತುವೆಯ ನಡುವೆ ಬೈಕು ನಿಂತು, ಹಿಂದಿನಿಂದ ಜಲ್ಲಿ ತುಂಬಿದ ಲಾರಿ ಬರಬಹುದಿತ್ತು. ಬೀದಿನಾಯಿ ಅಡ್ಡ ಬರಬಹುದಿತ್ತು. ಬೆನ್ನ ಮೇಲಿನ ಪೆಟ್ಟಿಗೆಯ ಬಿಸಿ ಸಾಂಬಾರು ಕತ್ತಿನೊಳಗೆ ಸುರಿಯಬಹುದಿತ್ತು. ಸೀರೆಯ ಸೆರಗು ಚಕ್ರಕ್ಕೆ ಸಿಗಬಹುದಿತ್ತು. ಫೋನಿನ ಮ್ಯಾಪನ್ನು ನಂಬಿಕೊಂಡು ಯಾರಾದರೂ ನೇರವಾಗಿ ಬಾವಿಗೇ ಇಳಿಯಬಹುದಿತ್ತು. ಇಷ್ಟನ್ನೂ ನಾನು ದಿನಾ ಬೆಳಿಗ್ಗೆ ಹಲ್ಲುಜ್ಜುವಾಗಲೇ ಒಂದೊಂದಾಗಿ ಊಹಿಸಿಕೊಂಡು, ಹೆದರಿ ಮುಗಿಸಿಬಿಡುತ್ತಿದ್ದೆ. ಯಾವುದೂ ಆಗಲಿಲ್ಲ. ಆದದ್ದು ಬೇರೆ — ಒಬ್ಬ ಹೆಂಗಸಿನ ಮೇಲೆ, ಅವಳು ಮಾಡದ ತಪ್ಪನ್ನು ನಾನು ಹೊರಿಸಿದೆ. ಅವಳು ತುಟಿಗೆ ಹೊಲಿಗೆ ಹಾಕಿಸಿಕೊಂಡು ಮಲಗಿದ್ದಾಗ, ಅವಳ ಎದುರಿಗೇ ನಿಂತು. ಗೊತ್ತಿದ್ದೇ.

ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇದನ್ನು ಮನೆಮಾತಿನ ಮೇಲಿನ ಪ್ರೀತಿ ಎಂದುಕೊಳ್ಳಬೇಡಿ. ತಮಿಳುನಾಡಿನ ಎಡಪ್ಪಾಡಿಯಲ್ಲಿ ಹುಟ್ಟಿ ತಮಿಳು ಶಾಲೆಯಲ್ಲಿ ಓದಿದವಳು ನಾನು. ಕನ್ನಡದ ಅಕ್ಷರ ಕಲಿತದ್ದು ಮದುವೆಗೆ ಮುಂಚೆ ಒಂದಷ್ಟು ಕಾಲ ಚಾಮರಾಜನಗರದ ದೊಡ್ಡಮ್ಮನ ಮನೆಯಲ್ಲಿದ್ದಾಗ. ಈಗ ಸೇಲಂನಲ್ಲಿ, ನಾನು ಕೆಲಸ ಮಾಡುವ ಕಡೆ, ಈ ಲಿಪಿಯನ್ನು ಓದಬಲ್ಲವರು ಒಬ್ಬರೂ ಇಲ್ಲ — ಅದಕ್ಕೇ. ತಪ್ಪೊಪ್ಪಿಕೊಳ್ಳುವಾಗಲೂ ಹೆಲ್ಮೆಟ್ ಹಾಕಿಕೊಂಡು ಕೂರುವ ಜಾತಿ ನನ್ನದು.

ಕೆಲಸ ಏನೆಂದು ಹೇಳಿಬಿಡುತ್ತೇನೆ. ಊಟ, ದಿನಸಿ, ಔಷಧಿಗಳನ್ನು ಆ್ಯಪ್ ಮೂಲಕ ಮನೆಮನೆಗೆ ಮುಟ್ಟಿಸುವವರಿಗೆ ನಮ್ಮ ಮುದಲಾಳಿ, ಅಂದರೆ ಮಾಲೀಕ, ಬ್ಯಾಟರಿ ಬೈಕುಗಳನ್ನು ಬಾಡಿಗೆಗೆ ಕೊಡುತ್ತಾನೆ. ನಮ್ಮ ಬಾಯಲ್ಲಿ ಅವು ಕರೆಂಟ್ ವಂಡಿಗಳು. ನಿಧಾನವಾಗಿ ಓಡುವಂಥವು, ಹಾಗಾಗಿ ಲೈಸೆನ್ಸ್ ಬೇಡ, ನಂಬರ್ ಪ್ಲೇಟ್ ಬೇಡ — ಸೈಕಲ್ಲಿನ ತಮ್ಮನೆಂದು ಬಗೆದು ಕಾನೂನು ಅವನ್ನು ಸುಮ್ಮನೆ ಬಿಟ್ಟಿದೆ. ಅದಕ್ಕೆಂದೇ ಲೈಸೆನ್ಸಿಲ್ಲದ ಹೆಂಗಸರು, ವಯಸ್ಸಾದವರು ನಮ್ಮ ಶೆಡ್ಡಿಗೆ ಬರುತ್ತಿದ್ದರು. ಬಂದ ಮೇಲೆ ಅವರಿಗೆ ತಿಳಿಯುತ್ತಿತ್ತು, ನಿಧಾನವಾಗಿ ಹೋದರೆ ಮುಂದಿನ ಆರ್ಡರ್ ಸಿಗುವುದಿಲ್ಲ ಎಂದು. ಆರ್ಡರ್ ಮಾಡಿದ ನೀವು ಫೋನು ಹಿಡಿದುಕೊಂಡು ‘ಇನ್ನೂ ಅಲ್ಲೇ ನಿಂತಿದೆಯಲ್ಲ’ ಎಂದು ಗೊಣಗುತ್ತಿದ್ದಿರಿ. ಮುದಲಾಳಿ ಮೆಕ್ಯಾನಿಕ್ಕನ್ನು ಕರೆಸಿ ಎಲ್ಲಾ ವಂಡಿಗಳ ವೇಗದ ಲಾಕನ್ನು ಬಿಚ್ಚಿಸಿದ. ಓಟ ಹೆಚ್ಚಿತು. ಬ್ರೇಕು ಮಾತ್ರ ಸೈಕಲ್ಲಿನ ತಮ್ಮನದೇ ಉಳಿಯಿತು. ಬೆಳಿಗ್ಗೆ ಪ್ರತಿಯೊಂದು ವಂಡಿಯ ಬ್ರೇಕನ್ನೂ ಅಮುಕಿ ನೋಡಿ ಕೊಟ್ಟು ಕಳಿಸುವುದು ನನ್ನ ಜವಾಬ್ದಾರಿ. ಹೆದರುವುದಕ್ಕೆ ಸಂಬಳ ಬರುವ ಕೆಲಸ — ನನಗಿಂತ ತಕ್ಕವರು ಸಿಗುತ್ತಿರಲಿಲ್ಲ.

ಆ ಹೆಂಗಸಿನ ಹೆಸರು ಮಾದೇವಿ. ಕಾರಿಮಂಗಲಂ ಕಡೆ ಕುರಿ ಸಾಕುವ ಮನೆಯವಳು. ಮಗಳನ್ನು ಸೇಲಂನಲ್ಲಿ ನರ್ಸಿಂಗಿಗೆ ಸೇರಿಸಿ, ಅವಳ ಜೊತೆಗೇ ಒಂದು ಕೋಣೆ ಹಿಡಿದಿದ್ದಳು. ಮಗಳ ಓದು ನಡೆಯುತ್ತಿದ್ದದ್ದು ಅವಳ ಡೆಲಿವರಿ ಕೆಲಸದ ದುಡ್ಡಿನಲ್ಲಿ. ನಮ್ಮಿಬ್ಬರ ಮನೆಮಾತೂ ಒಂದೇ — ಅದರಿಂದ ಸ್ನೇಹ ಬೆಳೆಯಿತು ಎಂದುಕೊಂಡರೆ ತಪ್ಪು. ಬೈದಾಡಿಕೊಳ್ಳುವುದಕ್ಕೆ ಅನುಕೂಲವಾಯಿತು, ಅಷ್ಟೇ. ನನಗೆ ‘ಬಯದಕ್ಕ’, ಭಯದ ಅಕ್ಕ, ಎಂದು ಹೆಸರಿಟ್ಟವಳು ಅವಳೇ.

“ಏನ್ ಬಯದಕ್ಕಾ, ಇವತ್ತು ಎಲ್ಲಿ ಬೆಂಕಿ ಬೀಳ್ತದೆ?” ಎಂದುಕೊಂಡೇ ಒಳಗೆ ಬರುತ್ತಿದ್ದಳು.

“ನೀ ಬಂದ್ಯಲ್ಲ, ಬಿತ್ತು.”

“ನೋಡ್ರಲಾ, ಅಕ್ಕ ತನ್ನ ನೆಳ್ಳಿಗೂ ಆರ್ನ್ ಒಡೀತಾಳೆ.”

ಎಲ್ಲರೂ ನಗುತ್ತಿದ್ದರು. ಕನ್ನಡ ಬಾರದವರೂ ನಗುತ್ತಿದ್ದರು. ನಾನು ಅವಳನ್ನು ದ್ವೇಷಿಸುತ್ತಿದ್ದೆ — ಸಣ್ಣದಾಗಿ, ದಿನವೂ, ಹಲ್ಲಿನಲ್ಲಿ ಸಿಕ್ಕಿಕೊಂಡ ನಾರನ್ನು ನಾಲಿಗೆ ಮತ್ತೆ ಮತ್ತೆ ಮುಟ್ಟುವ ಹಾಗೆ.

ಆ ದಿನ ಬೆಳಿಗ್ಗೆ ಅವಳು ನಗಿಸುವುದಕ್ಕೆ ಬಂದಿರಲಿಲ್ಲ.

“ಅಕ್ಕಾ, ಈ ವಂಡೀಲಿ ಬ್ರೇಕ್ ಸರಿಯಿಲ್ಲ. ಅಮುಕಿದ್ರೆ ಕೊನೇಗಂಟ ಓಗ್ತೈತೆ. ಬೇರೇದು ಕೊಡು.”

“ನಿನ್ಗೆ ದಿನಾ ಒಂದು ಐತೆ. ನೆನ್ನೆ ಸೀಟು, ಮೊನ್ನೆ ಕನ್ನಡಿ. ಓಗು ಓಗು, ನಿಧಾನಕ್ಕೆ ಓಗು.”

“ನಿಧಾನಕ್ಕೆ ಓದ್ರೆ ಆರ್ಡರ್ ನಿಮ್ಮಪ್ಪ ಕೊಡ್ತಾನಾ?”

ಮತ್ತೆ ನಗು. ನಾನು ನಕ್ಕವರ ಕಡೆ ನೋಡಿದೆನೇ ಹೊರತು ಬ್ರೇಕಿನ ಕಡೆ ನೋಡಲಿಲ್ಲ. ಚಾರ್ಜಾದ ಇನ್ನೊಂದು ವಂಡಿ ಗೋಡೆಯ ಪಕ್ಕದಲ್ಲೇ ನಿಂತಿತ್ತು — ಕೊಡಲಿಲ್ಲ. ಲೋಕದ ಎಲ್ಲಾ ಅಪಘಾತಗಳನ್ನೂ ಮುಂಚಿತವಾಗಿ ಅನುಭವಿಸಿದವಳು, ಕಣ್ಣೆದುರು ತಂದಿಟ್ಟ ಒಂದಕ್ಕೆ ಹೆದರಲಿಲ್ಲ. ನನ್ನ ಭಯಕ್ಕೂ ಒಂದು ಜಂಬವಿದೆ. ಅದು ನನ್ನ ತಲೆಯಲ್ಲೇ ಹುಟ್ಟಬೇಕು. ಮಾದೇವಿ ಎತ್ತಿ ಕೊಟ್ಟ ಭಯವನ್ನು ನಾನೇಕೆ ಮುಟ್ಟಲಿ — ಹೌದು, ಇಷ್ಟೇ ಕಾರಣ. ಇದಕ್ಕಿಂತ ದೊಡ್ಡದೊಂದು ಕಾರಣ ಸಿಗಲಿ ಎಂದು ಬಹಳ ಹುಡುಕಿದ್ದೇನೆ.

ಮಧ್ಯಾಹ್ನ ಏರ್ಕಾಡ್ ರಸ್ತೆಯ ಇಳಿಜಾರಿನಲ್ಲಿ ವಂಡಿ ನಿಲ್ಲಲಿಲ್ಲ. ಕರಿಬೇವಿನ ಕಟ್ಟು ಹಿಡಿದು ರಸ್ತೆ ದಾಟುತ್ತಿದ್ದ ಒಬ್ಬ ಮುದುಕರಿಗೆ ಹೊಡೆಯಿತು. ಅವರ ಸೊಂಟದ ಮೂಳೆ ಮುರಿಯಿತು. ಮಾದೇವಿ ಮುಖ ಅಡಿಯಾಗಿ ಬಿದ್ದು ತುಟಿ ಹರಿದುಕೊಂಡಳು, ಮುಂದಿನ ಹಲ್ಲು ಹೋಯಿತು.

ಶೆಡ್ಡಿನ ಪರವಾಗಿ ಆಸ್ಪತ್ರೆಗೆ ಹೋದವಳು ನಾನು. ಹೊರಡುವಾಗ ಮುದಲಾಳಿ ಹೇಳಿದ್ದು ಒಂದೇ — ವಂಡಿಯ ಮೇಲೆ ಮಾತು ಬರಬಾರದು. ನಾನು ತಲೆಯಾಡಿಸಿದೆ. ಆದರೆ ಅವನ ಮೇಲೆ ಹಾಕಿ ತಪ್ಪಿಸಿಕೊಳ್ಳಲಾರೆ. ಅವನು ಹೇಳದಿದ್ದರೂ ನಾನು ಹಾಗೇ ಮಾಡುತ್ತಿದ್ದೆ. ವಂಡಿಯ ಬ್ರೇಕು ಎಂದರೆ ಬೆಳಿಗ್ಗೆ ಅದನ್ನು ನೋಡದ ನಾನು.

ಅಲ್ಲಿಗೆ ಒಬ್ಬ ಸಾರಿಗೆ ಅಧಿಕಾರಿ ಬಂದಿದ್ದರು. ಡೆಲಿವರಿಯ ಕರೆಂಟ್ ವಂಡಿಗಳಿಗೆ ಏನು ನಿಯಮ ಬೇಕೆಂದು ವರದಿ ಕೊಡಬೇಕಿದ್ದವರು ಅವರೇ. ಬಾಡಿಗೆಗೆ ಕೊಡುವವನು ಬ್ರೇಕ್ ಪರೀಕ್ಷೆ ಮಾಡಿಸಲೇಬೇಕು ಎನ್ನುವುದೋ, ಓಡಿಸುವವರಿಗೆ ತರಬೇತಿ ಕಡ್ಡಾಯ ಎನ್ನುವುದೋ — ಇದನ್ನು ಅವರೇ ನನಗೆ ಹೇಳಿದರು, ವರಾಂಡದಲ್ಲಿ. ಒಳ್ಳೆಯ ಮನುಷ್ಯ. ಮಂಚದ ಪಕ್ಕದಲ್ಲಿ ಸ್ಟೂಲೆಳೆದು ಕೂತು, ಏನಾಯಿತಮ್ಮಾ ಎಂದು ತಮಿಳಿನಲ್ಲಿ ಕೇಳಿದರು. ಮಾದೇವಿಗೆ ತಮಿಳು ನನ್ನಷ್ಟೇ ಬರುತ್ತದೆ. ಆದರೆ ನೋವು ತಿನ್ನುವಾಗ ಬಾಯಿಗೆ ಬರುವುದು ಮನೆಮಾತು. ಹೊಲಿಗೆಯ ತುಟಿಯೊಳಗಿಂದ ಎರಡೇ ಮಾತು ಬಂತು —

“ಬ್ರೇಕ್ ಇಡೀಲಿಲ್ಲ.”

ಬಾಗಿಲಲ್ಲಿ ನಿಂತಿದ್ದ ಪೊಲೀಸಿನವನು, “ಇಡ್ಲಿ ಇಲ್ಲೈಯಾ?” ಎಂದು ನಕ್ಕ. ಈ ಸ್ಥಿತಿಯಲ್ಲೂ ಆರ್ಡರಿನದೇ ಧ್ಯಾನ ಎಂದ. ಅಧಿಕಾರಿ ನಗಲಿಲ್ಲ. ನನ್ನ ಕಡೆ ತಿರುಗಿ, ನಿಮಗೆ ಇವರ ಭಾಷೆ ಬರುತ್ತದಲ್ಲ, ಏನೆನ್ನುತ್ತಿದ್ದಾರೆ ಎಂದು ಕೇಳಿದರು.

ನಮ್ಮ ಮಾತಿನಲ್ಲಿ ಒಂದು ಸೌಕರ್ಯವಿದೆ, ನಿಮಗೂ ಗೊತ್ತು. ‘ಹಿಡೀಲಿಲ್ಲ’ ಎಂದರೆ ಸಾಕು, ಯಾರು ಎಂದು ಹೇಳಬೇಕಾಗಿಲ್ಲ. ಓಡಿಸಿದವಳು ಬ್ರೇಕನ್ನು ಹಿಡಿಯದಿದ್ದರೂ ಅದೇ ಮಾತು, ಅವಳು ಜೀವ ಬಿಟ್ಟು ಹಿಡಿದರೂ ಬ್ರೇಕು ಚಕ್ರವನ್ನು ಹಿಡಿಯದಿದ್ದರೂ ಅದೇ ಮಾತು. ತಮಿಳಿನಲ್ಲೂ ಹಾಗೇ — ‘ಪುಡಿಕ್ಕಲ’. ಅವಳು ಯಾವುದನ್ನು ಹೇಳುತ್ತಿದ್ದಾಳೆಂದು ಆ ಕೋಣೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಇದ್ದದ್ದನ್ನು ಇದ್ದ ಹಾಗೆ ದಾಟಿಸಿದ್ದರೂ ಆ ಮನುಷ್ಯ, ಯಾರು, ಯಾವುದು ಎಂದು ಇನ್ನೊಂದು ಪ್ರಶ್ನೆ ಕೇಳುತ್ತಿದ್ದರು. ಅವಳು ತಲೆಯಾಡಿಸಿಯಾದರೂ ಉತ್ತರ ಕೊಡುತ್ತಿದ್ದಳು. ನಾನು ಇದ್ದ ಹಾಗೆ ದಾಟಿಸಲಿಲ್ಲ.

“ಅವ ಬ್ರೇಕ್ ಪುಡಿಕ್ಕಲ ಸಾರ್,” ಅಂದೆ.

ಅವ ಎಂದರೆ ತಮಿಳಿನಲ್ಲಿ ಅವಳು. ಗಾಯಗೊಂಡು ಮಲಗಿದವಳಿಗೆ ‘ಅವಂಗ’ ಎನ್ನುವ ಮರ್ಯಾದೆಯನ್ನೂ ಕೊಡಲಿಲ್ಲ. ಅಧಿಕಾರಿ ನಿಟ್ಟುಸಿರು ಬಿಟ್ಟರು — ಪಾಪ, ಗಾಬರಿಯಾಗಿರಬೇಕು ಎಂದರು.

ಮಾದೇವಿಗೆ ಕೇಳಿಸಿತು. ಕಣ್ಣು ಅರಳಿಸಿ ನನ್ನನ್ನು ನೋಡಿದಳು. ಡ್ರಿಪ್ ಹಾಕಿದ್ದ ಕೈಯನ್ನು ಮೇಲೆತ್ತಿ, ಬೆರಳುಗಳನ್ನು ಮಡಿಸಿ — ಬ್ರೇಕ್ ಅಮುಕುವ ಹಾಗೆ — ತೋರಿಸಲು ಹೊರಟಳು. ನಾನು ಆ ಕೈಯನ್ನು ಹಿಡಿದು ಕೆಳಗಿಳಿಸಿದೆ. “ಸೂಜಿ ಕಿತ್ತೋಗ್ತದೆ, ಅಲ್ಲಾಡ್ಬೇಡ,” ಅಂದೆ. ಅಧಿಕಾರಿಗೆ ಅದು ಅಕ್ಕರೆಯಂತೆ ಕಂಡಿರಬೇಕು.

ಹೊಲಿಗೆ ಬಿಚ್ಚಿದ ಮೇಲೆ ಅವಳು ಶೆಡ್ಡಿಗೆ ಬಂದಳು. ಅಷ್ಟರಲ್ಲಿ ಆ ವಂಡಿಗೆ ಹೊಸ ಬ್ರೇಕ್ ಶೂ ಬಿದ್ದಿತ್ತು. ಆ್ಯಪಿನವರು ಅವಳ ಐಡಿಯನ್ನು ಬ್ಲಾಕ್ ಮಾಡಿದ್ದರು. ಮುದುಕರ ಮಗ ಅವಳ ಕೋಣೆಯ ಮುಂದೆ ನಿಂತು, ಮಗಳ ಎದುರಿಗೇ, ಬಾಯಿಗೆ ಬಂದಂತೆ ಬೈದು ಹೋಗಿದ್ದ.

“ಅವತ್ತು ಬೆಳಿಗ್ಗೆ ಯೋಳಿದ್ನಲ್ಲ ನಿನ್ಗೆ, ಬ್ರೇಕ್ ಸರಿಯಿಲ್ಲ ಅಂತ,” ಎಂದಳು. ಎಲ್ಲರೂ ಇದ್ದರು. ಯಾರೂ ನಗಲಿಲ್ಲ.

“ಸಾರ್ ಕೇಳ್ದಾಗ ಬಾಯಿ ಬಿಡ್ಬೇಕಾಗಿತ್ತು.”

“ನನ್ ಬಾಯಿ ಒಲ್ದಿದ್ರು. ನಿನ್ ಬಾಯಿಗೇನಾಗಿತ್ತು ಲೇ?”

ಅಕ್ಕ ಹೋಗಿ ‘ಲೇ’ ಬಂದದ್ದನ್ನೇ ನೆಪ ಮಾಡಿಕೊಂಡು, ನಾನು ಅವಳನ್ನು ಹೊರಗೆ ಕಳಿಸಿದೆ. ಗೇಟಿನ ಆಚೆ ನಿಂತು ಅವಳು ಹಾಕಿದ ಶಾಪಗಳನ್ನು ಇಲ್ಲಿ ಬರೆಯುವುದಿಲ್ಲ. ಒಂದೂ ಅತಿಯಾಗಿರಲಿಲ್ಲ.

ನಿಯಮ ಬಂತು. ಓಡಿಸುವವರು ತರಬೇತಿಗೆ ಬರಬೇಕು, ಹೆಲ್ಮೆಟ್ ಹಾಕಬೇಕು, ಹೊರಡುವ ಮುನ್ನ ಬ್ರೇಕನ್ನು ತಾವೇ ನೋಡಿಕೊಳ್ಳಬೇಕು. ಬಾಡಿಗೆಗೆ ಕೊಡುವವನ ವಿಷಯದಲ್ಲಿ ಒಂದು ಸಾಲೂ ಇರಲಿಲ್ಲ. ಕೆಟ್ಟ ನಿಯಮವಲ್ಲ, ಅರ್ಧ ನಿಯಮ. ಉಳಿದರ್ಧವನ್ನು ನಾನು ಆ ಆಸ್ಪತ್ರೆಯಲ್ಲಿ ನುಂಗಿದ್ದೆ. ಮುದಲಾಳಿ ಖುಷಿಯಾಗಿ, ಬ್ರೇಕ್ ಹಿಡಿಯುವುದು ಓಡಿಸುವವರ ಹೊಣೆ ಎಂದು ಬೋರ್ಡ್ ಬರೆಸಿ ನೇತುಹಾಕಿದ. ತರಬೇತಿ ಕೊಡುವವಳನ್ನಾಗಿ ಯಾರನ್ನು ನೇಮಿಸಿದ ಎಂದು ಕೇಳಬೇಡಿ. ಆ ಬೋರ್ಡಿನ ಕೆಳಗೆ ನಿಂತು, ಎರಡು ಬೆರಳಿಂದ ಬ್ರೇಕನ್ನು ಹೀಗೆ ಹಿಡಿಯಬೇಕಮ್ಮಾ ಎಂದು ನಾನು ವರ್ಷಗಟ್ಟಲೆ ಕಲಿಸಿದ್ದೇನೆ. ಈ ಬರಹ ಮುಗಿದ ಮೇಲೆ ಇದನ್ನೇ ತಮಿಳಿನಲ್ಲಿ ಬರೆದು, ಬಿಚ್ಚಿದ ಲಾಕುಗಳ ಸಂಗತಿಯನ್ನೂ ಸೇರಿಸಿ, ಆ ಅಧಿಕಾರಿಯ ಕೈಗೆ ಕೊಡುತ್ತೇನೆ. ಕೊಡದೆ ತಪ್ಪಿಸಿಕೊಳ್ಳುವುದು ನನಗೆ ಕಷ್ಟವಾಗಲಿ ಎಂದೇ ಇದನ್ನಿಲ್ಲಿ ಹೇಳಿದ್ದು.

ಈ ನಡುವೆ ಮಾದೇವಿ ಮನೆಗೆಲಸ ಮಾಡಿ ಮಗಳನ್ನು ಓದಿಸುತ್ತಿದ್ದಳು ಎಂದು ಕೇಳಿದ್ದೆ. ಎಲ್ಲಾದರೂ ಎದುರಾದರೆ ಉಗಿದು ಮುಂದೆ ಹೋಗುತ್ತಿದ್ದಳು. ನಿಜ ಹೇಳಬೇಕೆಂದರೆ, ಆ ಉಗುಳೇ ನನಗೊಂದು ಆಸರೆಯಾಗಿತ್ತು — ಅವಳು ನನ್ನನ್ನು ದ್ವೇಷಿಸುವವರೆಗೆ ನಿಜ ಎಲ್ಲೋ ಒಂದು ಕಡೆ ಜೀವದಿಂದಿದೆ ಎಂದು. ಆಮೇಲೆ ಉಗುಳುವುದು ನಿಂತಿತು. ತಲೆ ತಗ್ಗಿಸಿ ಹೋಗತೊಡಗಿದಳು. ನಾನು ಅದನ್ನು ಕ್ಷಮೆ ಎಂದುಕೊಂಡೆ. ನನ್ನ ದಡ್ಡತನಕ್ಕೂ ಒಂದು ಮಿತಿ ಬೇಡವೇ.

ಕಳೆದ ವಾರ ಅವಳನ್ನು ತರಬೇತಿಗೆ ಕರೆಸಿದರು. ಹೊಸಬರ ಮುಂದೆ ತನ್ನ ಅಪಘಾತದ ಕಥೆ ಹೇಳಿದರೆ ಐಡಿ ವಾಪಸು ಕೊಡುವುದಾಗಿ ಆ್ಯಪಿನವರು ಒಪ್ಪಿದ್ದರಂತೆ. ಆ ದಿನ ಬಂದಿದ್ದವರು ಹೆಚ್ಚಿನವರು ನಂಗವಳ್ಳಿ ಕಡೆಯ ಹೆಂಗಸರು, ನಮ್ಮ ಮಾತಿನವರೇ. ಹಾಗಾಗಿ ನಮ್ಮ ಮಾತಿನಲ್ಲೇ ಹೇಳಿದಳು.

“ನಾನು ಬ್ರೇಕ್ ಇಡೀಲಿಲ್ಲ. ಗ್ಯಾನ ಎಲ್ಲೋ ಇತ್ತು. ಒಂದು ತಾತನ ಸೊಂಟ ಮುರ್ದೆ. ನೀವು ಅಂಗೆ ಮಾಡ್ಬೇಡಿ.”

ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಎಲ್ಲಾದರೂ ಒಂದು ಕುಹಕ, ಐಡಿಗಾಗಿ ಹಾಕಿದ ವೇಷದ ಒಂದು ಗೆರೆ — ಹುಡುಕಿದೆ. ಇರಲಿಲ್ಲ. ಎಲ್ಲರೂ ಹೋದ ಮೇಲೆ ನಲ್ಲಿಯ ಹತ್ತಿರ ನೀರು ಕುಡಿಯುತ್ತಿದ್ದವಳ ಬಳಿ ಹೋದೆ.

“ಅವತ್ತು ಬ್ರೇಕ್ ಸರಿಯಿಲ್ಲ ಅಂತ ನೀ ಯೋಳಿದ್ದೆ,” ಅಂದೆ.

“ಯೋಳಿರ್ಬೇಕು. ದಿನಾ ಏನಾರ ಒಂದು ಯೋಳ್ತಿದ್ನಲ್ಲ, ನೀನೇ ಅಂತಿದ್ದೆ.” ಮುಖ ಒರೆಸಿಕೊಂಡಳು. “ಎಲ್ರೂ ಒಂದೇ ಮಾತು ಅಂದ್ರೆ ನಾನೊಬ್ಳು ಎಷ್ಟಂತ ಒಡ್ದಾಡ್ಲಿ ಅಕ್ಕಾ? ಈಗ ನೆನ್ಸ್ಕೊಂಡ್ರೆ ನನ್ ಕೈ ಬ್ರೇಕ್ ಮೇಲೆ ಇರೋದೇ ಕಾಣ್ಸಲ್ಲ. ಆ ತಾತನ ಮನೆತಾವ ಅಮಾಸೆಗೊಂದ್ಸಲ ಓಗ್ತೀನಿ. ಗೇಟ್ ತೆಗೆಯಲ್ಲ. ಒಸಿ ಒತ್ತು ನಿಂತಿದ್ದು ಬರ್ತೀನಿ.”

ಅವಳು ನನ್ನ ಮುಖ ನೋಡಿ ಗಾಬರಿಯಾದಳು.

“ಯಾಕಕ್ಕಾ, ಸರಿಯಾಗಿ ಯೋಳ್ಲಿಲ್ವಾ? ಐಡಿ ಬಿಡಲ್ವಾ?”

“ಒಂದು ಪದ ಜಾಸ್ತಿ ಆಯ್ತು,” ಅಂದೆ.

“ಯಾವ್ದು?”

“ನಾನು.”