ಅಕ್ಕೋರ ಕಾರಿನ ಹಳೇ ರ‍್ಯಾಕ್

ಗೋಣಿಚೀಲದ ಬಾಯಿ ಬಿಚ್ಚಿದ್ದೇ ತಡ, ಹಳೆಯ ಗ್ರೀಸಿನ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಹಿತ್ತಲ ಕೋಣೆಯಲ್ಲಿ, ಒಲೆಯ ಕಟ್ಟಿಗೆಯ ಹಿಂದೆ, ಯಾರ ಕಣ್ಣಿಗೂ ಬೀಳದಂತೆ ನಾನೇ ಇಟ್ಟ ಚೀಲ ಅದು. ಒಳಗಿದ್ದದ್ದು ಒಂದು ಉದ್ದನೆಯ ಕಬ್ಬಿಣದ ಸಾಮಾನು, ಎರಡೂ ತುದಿಗೆ ಸುಕ್ಕುಸುಕ್ಕಾದ ರಬ್ಬರಿನ ಚೀಲಗಳು. ಒಂದು ರಬ್ಬರು ಹರಿದು, ಒಳಗಿನ ಗ್ರೀಸು ಕರ್ರಗೆ ಹೆಪ್ಪುಗಟ್ಟಿತ್ತು. ಹೊರಗೆ ಪಡಸಾಲೆಯಲ್ಲಿ ಮಿರಜದಿಂದ ಬಂದ ಗೃಹಸ್ಥರೊಬ್ಬರು ಚಹಾ ಕುಡಿಯುತ್ತ ಇದಕ್ಕಾಗಿಯೇ ಕಾಯುತ್ತಿದ್ದರು. ಅಕ್ಕೋರ ಕಾರು ಈಗ ಅವರದು. ಅದರ ಹಳೆಯ ಸ್ಟೇರಿಂಗ್ ರ‍್ಯಾಕ್ ಬೇಡಕಿಹಾಳದಲ್ಲಿ ನಮ್ಮ ಮನೆಯಲ್ಲಿದೆ ಎಂದು ಯಾರೋ ಅವರ ಕಿವಿಗೆ ಹಾಕಿದ್ದರಂತೆ. ಹಾಕಿದವರ ಬಾಯಿಗೆ ಮಣ್ಣು ಬೀಳಲಿ.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಎನ್ನುತ್ತೇವೆ. ಪಕ್ಕದ ಮನೆಯ ಈ ಅಕ್ಕೋರು ನಿಪ್ಪಾಣಿಯ ಹೈಸ್ಕೂಲಿನಲ್ಲಿ ಆಟ ಕಲಿಸುತ್ತಿದ್ದವರು. ಕೊರಳಲ್ಲಿ ಸೀಟಿ, ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು. ಮದುವೆ ಆಗಿರಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ಮಾಡಿದವರಿಗೆ, "ಟೈಮ ಸಿಗಲಿಲ್ಲ ನೋಡ್ರಿ" ಎಂದು ನಕ್ಕು ಮುಂದೆ ಹೋಗುತ್ತಿದ್ದರು.

ಅವರ ಹತ್ತಿರ ಒಂದು ಕಾರಿತ್ತು. ಎರಡೇ ಬಾಗಿಲಿನ, ಹೊಟ್ಟೆ ನೆಲಕ್ಕೆ ತಾಗುವಷ್ಟು ಕುಳ್ಳಾದ ಕೆಂಪು ಸ್ಪೋರ್ಟ್ಸ್ ಕಾರು. ನಿಪ್ಪಾಣಿಯ ತಂಬಾಕು ವ್ಯಾಪಾರಿಯೊಬ್ಬರ ಗೋದಾಮಿನಲ್ಲಿ ಧೂಳು ತಿನ್ನುತ್ತ ಬಿದ್ದಿದ್ದನ್ನು ತಮ್ಮ ಪಗಾರದಲ್ಲಿ ಕೊಂಡು ತಂದು, ಓಡುವಂತೆ ಮಾಡಿಸಿದ್ದರು. ಎಷ್ಟು ತೊಳೆದರೂ ಸೀಟಿನಿಂದ ತಂಬಾಕಿನ ಘಾಟು ಹೋಗಲೇ ಇಲ್ಲ. ಹೊಸದಾಗಿ ಹತ್ತಿದವರು ಮೊದಲು ಸೀನುತ್ತಿದ್ದರು. ನಾನು ಈ ಊರಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ಅದರಲ್ಲಿ ಕೂತು ಚಿಕ್ಕೋಡಿ ಮುಟ್ಟುವವರೆಗೂ ಸೀನಿದ್ದೆ... ಅಕ್ಕೋರು ದಾರಿಯುದ್ದಕ್ಕೂ ನಕ್ಕಿದ್ದರು.

ಆ ಕಾರಿನ ಸ್ಟೇರಿಂಗ್ ಎಂದರೆ ಬೀಸುವ ಕಲ್ಲು. ಓಡುವಾಗ ಹೇಗೋ ಬಗ್ಗುತ್ತಿತ್ತು. ನಿಂತಲ್ಲಿ ತಿರುಗಿಸಬೇಕೆಂದರೆ ನನ್ನ ಗಂಡನಂಥ ಗಟ್ಟಿ ಆಳೂ ಹಲ್ಲು ಕಚ್ಚಬೇಕಾಗುತ್ತಿತ್ತು. ಅಕ್ಕೋರು ಮಾತ್ರ ಎರಡೂ ಕೈ ಹಾಕಿ, ಭುಜ ಕೊಟ್ಟು, ನಮ್ಮ ಇಕ್ಕಟ್ಟು ಓಣಿಯಲ್ಲಿ ಅದನ್ನು ತಿರುಗಿಸಿ ನಿಲ್ಲಿಸುತ್ತಿದ್ದರು. ಕಟ್ಟೆಯ ಮೇಲೆ ಕೂತ ಗಂಡಸರು ಬೀಡಿ ಮರೆತು ನೋಡುತ್ತಿದ್ದರು.

ನೌಕರಿಯಿಂದ ನಿವೃತ್ತರಾದ ಮೇಲೆ ಎದೆಯಲ್ಲಿ ಗಂಟು ಕಾಣಿಸಿತು. ಮಿರಜದ ದವಾಖಾನೆಯಲ್ಲಿ ಬಲಗಡೆಯ ಮೊಲೆಯನ್ನು ತೆಗೆದರು. ಜೀವ ಉಳಿಯಿತು, ಬಲಗೈ ಸೋತಿತು. ಭುಜದಿಂದ ಬೆರಳಿನವರೆಗೆ ಬಾತುಕೊಂಡು, ತುಂಬಿದ ಚರಿಗೆ ಎತ್ತಿದರೂ ನೋಯುತ್ತಿತ್ತು. ಆ ಕೈಗೆ ಭಾರ ಹಾಕಲೇಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಎಡಗೈ ಗೇರಿಗೆ ಬೇಕು; ಸ್ಟೇರಿಂಗ್ ಹಿಡಿಯಬೇಕಾದ ಕೈಯೇ ಹೋಗಿತ್ತು.

ದವಾಖಾನೆ ಸೇರುವಾಗ ಕಾರಿನ ಕೀಲಿಯನ್ನು ಅಣ್ಣನ ಕೈಗೆ ಕೊಟ್ಟಿದ್ದರು. ಅಣ್ಣ ಅದೇ ಮನೆಯ ಮುಂದಿನ ಅರ್ಧದಲ್ಲಿದ್ದವರು. ಮನೆಗೆ ಬಂದ ಮೇಲೆ ಕೇಳಿದರೆ ಕೀಲಿ ಬರಲಿಲ್ಲ. ಗೋಡೆಯ ಆಚೆ ಶೇಂಗಾ ಬಿಡಿಸುತ್ತ ಕೂತಿದ್ದ ನನಗೆ ಎಲ್ಲ ಕೇಳುತ್ತಿತ್ತು.

"ಕೈ ಹೋಗೇತಿ, ಇನ್ನ ಗಾಡಿ ಯಾಕ ಬೇಕ ನಿನಗ? ಕಾಗವಾಡದ ದ್ರಾಕ್ಷಿ ತ್ವಾಟದವರಿಗೆ ಮಾತ ಕೊಟ್ಟಬಿಟ್ಟೇನಿ."

"ಮಾತ ಕೊಟ್ಟಾಂವ ನೀನು. ಗಾಡಿ ಕೊಟ್ಟಾಕಿ ನಾ ಅಲ್ಲ."

"ಡಾಕ್ಟರು ಏನ ಹೇಳ್ಯಾರ, ನೆನಪೈತಿಲ್ಲೊ?"

"ಭಾರ ಎತ್ತಬ್ಯಾಡ ಅಂದಾರ. ಹಗುರ ಇದ್ದದ್ದನ್ನ ತಿರಗಿಸಬ್ಯಾಡ ಅಂದಿಲ್ಲ. ಗಾಡಿ ಹಗುರ ಮಾಡಸ್ತೇನಿ."

ಅಣ್ಣ ಕೆಟ್ಟವರೇನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕಬ್ಬಿನ ಸುಗ್ಗಿಯಲ್ಲಿ ನಮ್ಮ ರಸ್ತೆಗಳ ಅವತಾರ ಕಂಡವರು ಯಾರಾದರೂ ಹೆದರುತ್ತಾರೆ. ತಂಗಿ ಉಳಿದು ಬಂದದ್ದೇ ದೊಡ್ಡದು ಎಂದು ಅವರ ಎಣಿಕೆ. ಆದರೆ ಉಳಿದು ಬಂದವಳು ಮೂಲೆಯಲ್ಲಿ ಕೂರಬೇಕು ಎಂದು ಯಾರು ಬರೆದಿಟ್ಟಿದ್ದಾರೆ? ಆ ಸಿಟ್ಟು ನನಗೆ ಇವತ್ತಿಗೂ ಇದೆ. ಕೊನೆಗೆ ಅಣ್ಣನೇ ಒಂದು ಷರತ್ತು ಹಾಕಿದರು. ಖಂಡೇನವಮಿಯ ಆಯುಧಪೂಜೆಯಾದ ಮೇಲೆ ಎಲ್ಲರ ಮುಂದೆ ಅಕ್ಕೋರು ತಾವೇ ಕಾರು ನಡೆಸಿ, ಓಣಿಯ ಬಯಲಿನಲ್ಲಿರುವ ಬೇವಿನಕಟ್ಟೆಯನ್ನು ಸುತ್ತಿ ಬರಬೇಕು. ಬಂದರೆ ಕೀಲಿ ಅವರದು. ಆಗದಿದ್ದರೆ ಕಾರು ಅವತ್ತೇ ಕಾಗವಾಡಕ್ಕೆ.

ಚಿಕ್ಕೋಡಿಯಿಂದ ಮಿಸ್ತ್ರಿ ಬಂದ. ಕಾರಿನ ಕೆಳಗೆ ತೂರಿ ನೋಡಿ, ಬಿಗಿಯೆಲ್ಲ ಈ ರ‍್ಯಾಕಿನಲ್ಲಿದೆ ಎಂದ. ನಾವು ಸ್ಟೇರಿಂಗ್ ತಿರುಗಿಸಿದರೆ ಒಳಗಿನ ಹಲ್ಲಿನ ಸರಳು ಆಚೆ ಈಚೆ ಸರಿಯುತ್ತದೆ, ಅದು ಗಾಲಿಗಳನ್ನು ಎಳೆಯುತ್ತದೆ. ಹಳೆಯದರಲ್ಲಿ ಎಲ್ಲವೂ ತೋಳಿನ ಬಲದಿಂದಲೇ ನಡೆಯಬೇಕು. ಎಣ್ಣೆಯ ಪಂಪಿನ ಪವರ್ ರ‍್ಯಾಕ್ ಹಾಕಿದರೆ ಇಂಜಿನ್ನೇ ಆ ಕೆಲಸ ಮಾಡುತ್ತದೆ. ಅಂಥದ್ದೊಂದನ್ನು ಕೊಲ್ಹಾಪುರದ ಗುಜರಿಯಲ್ಲಿ ಬೇರೊಂದು ಕಾರಿನಿಂದ ಬಿಚ್ಚಿಸಿ ತಂದ. ಅಕ್ಕೋರ ಅಂಗಳದಲ್ಲಿ ಕೊಯ್ಯುವುದು, ಬೆಸುಗೆ ಹಾಕುವುದು ಶುರುವಾಯಿತು. ಕೆಲಸದ ಹೊತ್ತಿಗೆ ಅಣ್ಣ ಕೀಲಿ ಕೊಡುವುದು, ಸಂಜೆಗೆ ಕೈಚಾಚಿ ಮರಳಿ ಇಸಿದುಕೊಳ್ಳುವುದು. ಅಕ್ಕೋರು ಪ್ರತಿ ಸಂಜೆ ತುಟಿ ಬಿಗಿದು ಕೊಡುತ್ತಿದ್ದರು.

ಹಬ್ಬದ ಹಿಂದಿನ ದಿನ ಹೊಸ ರ‍್ಯಾಕ್ ಕೂತಿತು. ಇಂಜಿನ್ ಶುರುಮಾಡಿ ಅಕ್ಕೋರು ಎಡಗೈಯ ಒಂದೇ ಬೆರಳಿನಿಂದ ಸ್ಟೇರಿಂಗ್ ತಿರುಗಿಸಿದರು. ಬೆಣ್ಣೆ! "ಹಗುರಾತು, ಹಗುರಾತು!" ಎಂದು ನಾನು ಅಂಗಳದಲ್ಲೇ ಕುಣಿದುಬಿಟ್ಟೆ. ಮಿಸ್ತ್ರಿ ಮೀಸೆ ತಿರುವಿದ. ನಾವೆಲ್ಲ ನೋಡುತ್ತಿದ್ದದ್ದು ಅಕ್ಕೋರ ಬೆರಳನ್ನು. ಗಾಲಿ ಯಾವ ಕಡೆ ಹೊರಳಿತು ಎಂದು ಒಬ್ಬರೂ ನೋಡಲಿಲ್ಲ.

ಮರುದಿನ ಕಾರಿಗೆ ಚೆಂಡುಹೂವಿನ ಮಾಲೆ ಹಾಕಿ, ಕುಂಕುಮ ಹಚ್ಚಿ, ಗಾಲಿಗಳ ಕೆಳಗೆ ಲಿಂಬೆಹಣ್ಣು ಇಟ್ಟೆವು. ಕಾಗವಾಡದವರೂ ಬಂದು ಬಿಳಿ ಟೊಪ್ಪಿಗೆ ಸರಿಮಾಡಿಕೊಳ್ಳುತ್ತ ನಿಂತಿದ್ದರು. ಅಕ್ಕೋರು ಪಕ್ಕದ ಬಾಗಿಲು ತೆರೆದು ನನ್ನನ್ನು ಕರೆದರು. "ಬಾರಬೇ, ಕೂಡ್ರು. ಸಾಯೂದಿದ್ರ ಇಬ್ಬರೂ ಕೂಡೇ ಸಾಯೂಣು."

ಲಿಂಬೆಹಣ್ಣು ಚಟಚಟ ಒಡೆದವು. ಕಾರು ತಿರುವಿಲ್ಲದ ದಾರಿಯಲ್ಲಿ ಬಯಲಿಗೆ ಬಂತು. ಬೇವಿನಕಟ್ಟೆ ಎಡಕ್ಕಿತ್ತು, ಅಕ್ಕೋರು ಎಡಕ್ಕೆ ತಿರುಗಿಸಿದರು. ಕಾರಿನ ಮೂತಿ ಬಲಕ್ಕೆ ಹೊರಳಿ ನೇರ ಅಣ್ಣನ ಜೋಳದ ಕಣಿಕೆಯ ಬಣವೆಯ ಕಡೆ ಹೊರಟಿತು! ಅಕ್ಕೋರು ಬ್ರೇಕ್ ಒತ್ತಿದರು. ನಾನು, "ಯಪ್ಪಾ!" ಎಂದು ಚೀರಿದೆ. ಮಿಸ್ತ್ರಿ ಓಡಿಬಂದು ಬಗ್ಗಿ ನೋಡಿ ಹಣೆ ಹಣೆ ಬಡಿದುಕೊಂಡ. ಬೇರೆ ಕಾರಿನ ರ‍್ಯಾಕು, ಜಾಗಕ್ಕೆ ಸರಿಯಾಗಿ ಕೂರಲಿಲ್ಲವೆಂದು ಅದನ್ನು ಮಗುಚಿ ಕೂರಿಸಿದ್ದ ಪುಣ್ಯಾತ್ಮ. "ಅಕ್ಕೋರ, ಉಲ್ಟಾ ಆಗೇತ್ರಿ... ಎಡಕ ತಿರಗಿಸಿದ್ರ ಬಲಕ ಹೊಕ್ಕೈತ್ರಿ..."

ಬಯಲೆಲ್ಲ ಗೊಳ್ಳೆಂದು ನಕ್ಕಿತು. ಅಣ್ಣ ನಗಲಿಲ್ಲ. ಕಿಟಕಿಯ ಹತ್ತಿರ ಬಂದು ಕೈಚಾಚಿದರು. "ಸಾಕ ಬಿಡ ತಂಗಿ. ಕೀಲಿ ತಾ."

ಅಕ್ಕೋರು ಆ ಕೈಯನ್ನೇ ನೋಡಿದರು. ಅವರ ಕಣ್ಣು ತುಂಬಿತ್ತು, ಪಕ್ಕದಲ್ಲಿದ್ದ ನಾನು ಕಂಡೆ. ಆಮೇಲೆ ಸೀಟಿ ಊದಿದಂಥ ದನಿಯಲ್ಲಿ, "ದೂರ ಸರೀರಿ ಎಲ್ಲಾರೂ!" ಎಂದರು. ಅಣ್ಣನಿಗೆ ಇಷ್ಟೇ ಹೇಳಿದರು: "ಅಪ್ಪನ ಕಬ್ಬಿನ ಟ್ರೇಲರ್ ಹಿಂದಕ ತಗೀತಿದ್ದಾಕಿ ಯಾರು? ನೀ ಅಂತೂ ಅಲ್ಲ."

ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟಿ ಹಿಂದಕ್ಕೆ ತೆಗೆದವರಿಗೆ ಗೊತ್ತು: ಟ್ರೇಲರ್ ಎಡಕ್ಕೆ ಹೋಗಬೇಕೆಂದರೆ ಸ್ಟೇರಿಂಗ್ ಬಲಕ್ಕೆ ತಿರುಗಿಸಬೇಕು. ಹುಡುಗಿಯಾಗಿದ್ದಾಗ ಅಪ್ಪನ ಹೊಲದಲ್ಲಿ ಕಲಿತದ್ದನ್ನು ಅಕ್ಕೋರು ಅವತ್ತು ಹೊರತೆಗೆದರು. ಮೊದಲನೇ ಗೇರಿನಲ್ಲಿ, ಇರುವೆ ಹೋದಂತೆ. ಸೋತ ಬಲಗೈ ಸೆರಗಿನಲ್ಲಿ ಸುತ್ತಿಕೊಂಡು ತೊಡೆಯ ಮೇಲಿತ್ತು. ಎಡಗೈ ಒಂದೇ. "ಎಡಕ ಬೇಕು, ಬಲಕ ತಿರಗಸು... ಎಡಕ ಬೇಕು, ಬಲಕ..." ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ನಾನು ಕಣ್ಣು ಮುಚ್ಚಿ ಕೊಕಟನೂರ ಎಲ್ಲಮ್ಮನಿಗೆ ಸೀರೆ ಉಡಿಸುವ ಹರಕೆ ಹೊತ್ತೆ. ಕಣ್ಣು ತೆರೆದಾಗ ಬೇವಿನಕಟ್ಟೆ ನಮ್ಮ ಬೆನ್ನ ಹಿಂದಿತ್ತು.

ಅಣ್ಣನ ಮುಂದೆ ಕಾರು ನಿಲ್ಲಿಸಿ, ಕೀಲಿ ತೆಗೆದು ಕೆಳಗಿಳಿದು, ಎಲ್ಲರೂ ನೋಡುವಂತೆ ಸೊಂಟಕ್ಕೆ ಸಿಕ್ಕಿಸಿಕೊಂಡರು. "ನಡಿ ಅಣ್ಣಾ, ಹೋಳಿಗಿ ಆರತಾವ" ಎಂದರು. ಅಣ್ಣ, ಗಾಲಿಯಿಂದ ಉದುರಿ ತಂಗಿಯ ಬೂಟಿಗೆ ಹತ್ತಿದ್ದ ಲಿಂಬೆಯ ಸಿಪ್ಪೆಯನ್ನು ಬಗ್ಗಿ ತೆಗೆದು ಹಾಕಿದರು. ಕಾಗವಾಡದವರು ಊಟಕ್ಕೂ ನಿಲ್ಲದೆ ಹೋದರು.

ಹಬ್ಬ ಮುಗಿದ ಮೇಲೆ ಮಿಸ್ತ್ರಿ ರ‍್ಯಾಕನ್ನು ಹಿಡಿದಿಡುವ ಕಬ್ಬಿಣದ ಪಟ್ಟಿಗಳನ್ನು ಹೊಸದಾಗಿ ಮಾಡಿ ಅದನ್ನು ನೆಟ್ಟಗೆ ಕೂರಿಸಿದ. ಹಳೆಯದನ್ನು ಅಕ್ಕೋರು ಗೋಣಿಚೀಲದಲ್ಲಿ ಹಾಕಿಸಿ, ಅವನ ಕೈಯಲ್ಲಿ ನನ್ನ ಹಿತ್ತಲಿಗೆ ಹೊರಿಸಿ ತಂದರು. "ನಿಮ್ಮ ಮನ್ಯಾಗ ಇರಲಿ. ನಮ್ಮ ಮನ್ಯಾಗಿದ್ರ ಅಣ್ಣ ಯಾವಾಗರ ಮತ್ತ ಹಾಕಸ್ಯಾನು" ಎಂದು ಕಣ್ಣು ಮಿಟುಕಿಸಿದರು. ಆಮೇಲೆ ಎಷ್ಟು ತಿರುಗಿದೆವು! ಅಥಣಿ, ರಾಯಬಾಗ, ಹರಕೆ ತೀರಿಸಲು ಕೊಕಟನೂರು... ನನಗೆ ಡ್ರೈವಿಂಗ್ ಕಲಿಸಿದ್ದೂ ಅದೇ ಕಾರಿನಲ್ಲಿ. ತಪ್ಪಿದರೆ ಸೀಟಿ ಊದುತ್ತಿದ್ದರು.

ಗಂಟು ಮತ್ತೆ ಬಂತು. ಈ ಸಲ ಮಿರಜದ ದವಾಖಾನೆಯೂ ಕೈಚೆಲ್ಲಿತು. ಅಕ್ಕೋರು ಹೋದರು. ಅವರಿಲ್ಲದ ಅಂಗಳದಲ್ಲಿ ಕಾರು ನೋಡಲಾಗದೆ ಅಣ್ಣ ಅದನ್ನು ಮಾರಿಬಿಟ್ಟರು. ಕಾರು ಹೋದ ದಿನ ನಾನು ಬಾಗಿಲು ಹಾಕಿಕೊಂಡು ಅತ್ತೆ. ಆಮೇಲೆ ಅದು ಕೈಯಿಂದ ಕೈಗೆ ಹೋಗಿ ಈಗ ಇವರ ಹತ್ತಿರ ಬಂದಿದೆ.

ಚೀಲದ ಬಾಯಿ ಮತ್ತೆ ಕಟ್ಟಿ, ಬರಿಗೈಯಲ್ಲಿ ಪಡಸಾಲೆಗೆ ಬಂದೆ.

"ಐತ್ರಿ. ಆದ್ರ ಕೊಡಂಗಿಲ್ಲ" ಎಂದೆ.

ಅವರು ಕಪ್ಪು ಕೆಳಗಿಟ್ಟರು. "ಹಂಗಲ್ರಿ ಕಾಕೂ, ಹಳೇ ಗಾಡಿ ಅಂದ್ರ ಎಲ್ಲಾ ಒರಿಜಿನಲ್ ಇರಬೇಕ್ರಿ. ಈಗಿರೂ ರ‍್ಯಾಕ್ ಆ ಗಾಡೀದಲ್ಲ. ಅದೊಂದ ತಗದ ಇದನ್ನ ಹಾಕಿದ್ರ ಗಾಡಿ ಮೊದಲ ಹೆಂಗಿತ್ತೊ ಹಂಗ ಆಕ್ಕೈತಿ."

"ಮೊದಲ ಹೆಂಗಿತ್ತು ಅನ್ನೂದು ನನಗ ಗೊತ್ತೈತ್ರಿ. ಅದಕ್ಕ ಕೊಡಂಗಿಲ್ಲ."

ಅವರು ಎದ್ದು ಚಪ್ಪಲಿ ಮೆಟ್ಟಿದರು. ಕಳಿಸಿಕೊಡಲು ಬಾಗಿಲಿಗೆ ಬಂದೆ. ಕಾರು ಬೇವಿನ ನೆರಳಿನಲ್ಲಿ ನಿಂತಿತ್ತು. ಒಮ್ಮೆ ಬಾಗಿಲು ತೆಗೆಸಿ ಒಳಗೆ ಮೂಗು ಹಾಕಿದೆ. ಸೀಟೆಲ್ಲ ಹೊಸದು. ತಂಬಾಕಿನ ಘಾಟು ಹೋಗಿತ್ತು. ಎಷ್ಟು ಎಳೆದರೂ ಒಂದು ಸೀನೂ ಬರಲಿಲ್ಲ.

ನಮ್ಮ ಓಣಿ ಇವತ್ತಿಗೂ ಅಷ್ಟೇ ಇಕ್ಕಟ್ಟು. ಮೊದಲಿನ ಆ ರ‍್ಯಾಕ್ ಇದ್ದಿದ್ದರೆ ಅವರು ಇಲ್ಲಿ ಬೆವರು ಹರಿಸಬೇಕಾಗುತ್ತಿತ್ತು. ನಾನು ಬಾಗಿಲಲ್ಲೇ ನಿಂತು ನೋಡಿದೆ. ಮಿರಜದ ಗೃಹಸ್ಥರು ಕಿಟಕಿಯಿಂದ ಒಂದು ಕೈ ಹೊರಹಾಕಿ ನನಗೆ ಹೋಗಿಬರ್ತೀನಿ ಎಂದು ಬೀಸುತ್ತ, ಇನ್ನೊಂದೇ ಕೈಯಲ್ಲಿ ಅಕ್ಕೋರ ಕಾರನ್ನು ತಿರುಗಿಸಿಕೊಂಡು ಹೋದರು.